ಕ್ಲೊಟಿಲ್ಡಾ ಗಟ್ಟಿ ಮಾಡಿದ ಮೊಣಕಾಲು

ಜುಫೈರಿನ ಆ ಫಿಸಿಯೋಥೆರಪಿ ಕ್ಲಿನಿಕ್ಕಿನ ಬಾಗಿಲು ತಳ್ಳಿದರೆ ಮೊದಲು ಕಿವಿಗೆ ಬೀಳುವುದು ಕ್ಲೊಟಿಲ್ಡಾ ಮಿನೇಜಸ್ ಅವರ ಗದರಿಕೆ. "ಯಲ್ಲಾ ಹಾಜಿ, ಇನ್ನೂ ಸ್ವಲ್ಪ ಮಡಚಿ, ಇನ್ನೂ ಸ್ವಲ್ಪ!" ಎಂದು ಅರೆಬರೆ ಅರಬ್ಬಿಯಲ್ಲಿ ಮುದುಕರನ್ನು ಬೆದರಿಸುತ್ತಿರುತ್ತಾರೆ. ಮುದುಕರು ನೋವಿನಲ್ಲೂ ನಗುತ್ತ ಕಾಲು ಮಡಚುತ್ತಾರೆ. ಮದುವೆಯಾದ ಹೊಸತರಲ್ಲಿ ಕಲ್ಯಾಣಪುರದಿಂದ ಬಹರೈನಿಗೆ ಬಂದವರು, ಈಗ ಇಬ್ಬರು ಬೆಳೆದ ಮಕ್ಕಳ ತಾಯಿ. ಗುದೈಬಿಯಾದ ಹಳೆಯ ಫ್ಲ್ಯಾಟಿನಲ್ಲಿ ಗಂಡ ಜಾರ್ಜ್ ಜೊತೆ ವಾಸ. ಕುಳ್ಳಗಿನ ಮೈಕಟ್ಟು, ತೆಂಗಿನಕಾಯಿ ಸುಲಿಯುವವರ ಹಾಗೆ ಗಟ್ಟಿ ಬೆರಳು. ಆ ಬೆರಳುಗಳ ಕೆಳಗೆ ಪಕ್ಕದ ನೌಕಾನೆಲೆಯ ಸೈನಿಕರು ಕಣ್ಣೀರು ಹಾಕಿದ್ದುಂಟು, ಕಟ್ಟಡ ಕೆಲಸದವರು ಗೊರಕೆ ಹೊಡೆದದ್ದೂ ಉಂಟು.

ಒಂದು ಅಕ್ಟೋಬರಿನಲ್ಲಿ ಅವರ ಬಳಿಗೆ ಸಿಗ್ನೆ ಎಂಬ ನಾರ್ವೆಯ ಹುಡುಗಿ ಬಂದಳು. ಇಪ್ಪತ್ತೆರಡರ ವಯಸ್ಸು, ಬಿಳಿ ಹುಬ್ಬು, ಕಂಕುಳಲ್ಲಿ ಊರುಗೋಲು. ಜೊತೆಗಿದ್ದ ತಂದೆ ಹೋಕನ್ ಡಿಪ್ಲೊಮ್ಯಾಟಿಕ್ ಏರಿಯಾದ ಹಡಗು ಕಂಪನಿಯೊಂದರಲ್ಲಿ ಮ್ಯಾನೇಜರು. ಹುಡುಗಿಯ ಎಡ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು.

"ಎಲ್ಲಿ ಬಿದ್ದದ್ದು?" ಎಂದು ಕ್ಲೊಟಿಲ್ಡಾ ಕೇಳಿದರು.

"ಗಾಳಿಯಲ್ಲಿ."

"ಗಾಳಿಯಲ್ಲಿ ಬೀಳಲಿಕ್ಕೆ ಆಗ್ತದಾ ಮಗಾ? ನೆಲ ಬೇಡವಾ?"

ಸಿಗ್ನೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದಳು. ಎತ್ತರದ ಜಾರುಬಂಡಿಯಂಥ ಕಟ್ಟೆ. ಉದ್ದನೆಯ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಒಬ್ಬಳು ಅದರ ಮೇಲಿಂದ ಜಾರಿ ಬಂದು, ತುದಿಯಲ್ಲಿ ಚಿಮ್ಮಿ, ಹದ್ದಿನ ಹಾಗೆ ತೇಲಿ, ಕೆಳಗಿನ ಹಿಮದ ಮೇಲೆ ಇಳಿದಳು. ಇಷ್ಟಕ್ಕೇ ಮುಗಿಯಲಿಲ್ಲ. ಅದೇ ದಿನ ಹಿಮದ ಮೇಲೆ ಸ್ಕೀ ಓಟವೂ ಉಂಟು. ಚೆನ್ನಾಗಿ ಹಾರಿದವರು ಓಟದಲ್ಲಿ ಮೊದಲು ಹೊರಡುತ್ತಾರೆ, ಕಡಿಮೆ ಹಾರಿದವರು ಅಷ್ಟಷ್ಟೇ ತಡವಾಗಿ. ಕೊನೆಯಲ್ಲಿ ಯಾರು ಮೊದಲು ಗೆರೆ ದಾಟುತ್ತಾರೋ ಅವರೇ ಗೆದ್ದಂತೆ. ನಾರ್ಡಿಕ್ ಕಂಬೈನ್ಡ್ ಎಂದು ಅದರ ಹೆಸರು.

ರಿಸೆಪ್ಷನ್ನಿನ ಜುವೈರಿಯಾ, ಉಳ್ಳಾಲದ ಬ್ಯಾರಿ ಹುಡುಗಿ, ಹಿಂದಿನಿಂದ ಇಣುಕಿ ನೋಡಿ ಎದೆ ಮುಟ್ಟಿಕೊಂಡಳು. "ಕ್ಲೊಟಿ ಆಂಟಿ, ಇದೆಲ್ಲ ಮನುಷ್ಯರು ಮಾಡುವಂಥದ್ದಾ?"

"ಮನುಷ್ಯರೇ ಮಾಡುದು. ಅದಕ್ಕೇ ನಮಗೆ ಕೆಲಸ ಉಂಟು."

ಆ ಚಳಿಗಾಲವಿಡೀ ಕ್ಲೊಟಿಲ್ಡಾ ಆ ಮೊಣಕಾಲಿನ ಬೆನ್ನು ಬಿಡಲಿಲ್ಲ. ಊರುಗೋಲು ಹೋಯಿತು, ಕುಂಟು ಹೋಯಿತು, ಬತ್ತಿದ್ದ ತೊಡೆ ತುಂಬಿಕೊಂಡಿತು. ಆಮೇಲೆ ಸಿಗ್ನೆ ಚಕ್ರದ ಸ್ಕೀ ತರಿಸಿಕೊಂಡಳು. ಸಮುದ್ರ ತುಂಬಿಸಿ ಮಾಡಿದ ಹೊಸ ಜಾಗದ ಖಾಲಿ ರಸ್ತೆಯಲ್ಲಿ ಶುಕ್ರವಾರ ಬೆಳಿಗ್ಗೆ ಅವಳು ಕೋಲೂರುತ್ತ ಓಡಿದರೆ, ಹಿಂದೆ ಜಾರ್ಜ್ ಕಾರಿನ ದೀಪ ಮಿನುಗಿಸುತ್ತ ನಿಧಾನ ಬರಬೇಕಿತ್ತು.

"ಇವಳೇನು ಕೋಣವಾ, ಹಿಂದಿನಿಂದ ಅಟ್ಟಿಕೊಂಡು ಹೋಗಲಿಕ್ಕೆ?" ಎಂದು ಜಾರ್ಜ್ ಗೊಣಗಿದರು.

"ನೀವು ಸುಮ್ಮನೆ ಗಾಡಿ ಬಿಡಿ. ಅವಳ ಎಡಗಾಲು ನೋಡ್ತಾ ಇದ್ದೇನೆ ನಾನು."

ಕಾಲು ಸರಿಯಾಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಕ್ಲಿನಿಕ್ಕಿನಲ್ಲಿ ಸೊಂಟದೆತ್ತರದ ಮರದ ಪೆಟ್ಟಿಗೆಯೊಂದಿತ್ತು. ಅದರಿಂದ ಕೆಳಗಿನ ಚಾಪೆಗೆ ಹಾರು ಎಂದಾಗ, ಬೆಟ್ಟದಿಂದ ಹಾರುತ್ತಿದ್ದ ಹುಡುಗಿ ಅಲ್ಲಾಡದೆ ನಿಂತುಬಿಟ್ಟಳು. ಕ್ಲೊಟಿಲ್ಡಾ ಚಪ್ಪಲಿ ಬಿಟ್ಟು, ಕುರ್ಚಿಯಿಟ್ಟುಕೊಂಡು ತಾವೇ ಪೆಟ್ಟಿಗೆ ಹತ್ತಿದರು. ಶಾಲೆ ಬಿಟ್ಟ ಮೇಲೆ ಅವರು ಹಾರಿದ್ದೇ ಇಲ್ಲ. "ಜೆಜು!" ಎಂದು ಯೇಸುವನ್ನು ಕೂಗಿ ಹಾರಿದರು. ಕಿಟಕಿಯ ಗಾಜು ಗಲಗಲ ಎಂದಿತು. ಹಾಸಿಗೆಯ ಮೇಲೆ ಬೆನ್ನಿಗೆ ಶಾಖ ಕೊಡಿಸಿಕೊಳ್ಳುತ್ತಿದ್ದ ಹಿಶಾಮ್ ಎಂಬ ಸ್ಥಳೀಯ ಟ್ಯಾಕ್ಸಿ ಚಾಲಕ ಎದ್ದು ಕುಳಿತು ಚಪ್ಪಾಳೆ ತಟ್ಟಿದ.

ಸಿಗ್ನೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೂ ಅಂದು ಹಾರಲಿಲ್ಲ. ಮರುದಿನವೂ ಇಲ್ಲ. ಕ್ಲೊಟಿಲ್ಡಾ ಅವಸರ ಮಾಡಲಿಲ್ಲ. ಗೇಣೆತ್ತರದ ಮೆಟ್ಟಿಲಿನಿಂದ ಶುರುಮಾಡಿ, ಕೈ ಹಿಡಿದುಕೊಂಡು, "ನೆಲ ನೋಡಬೇಡ, ನನ್ನ ಮುಖ ನೋಡು" ಎನ್ನುತ್ತ ದಿನಕ್ಕಿಷ್ಟು ಎತ್ತರಿಸಿದರು. ತಮ್ಮ ಮೊಣಕಾಲಿಗೆ ಮಾತ್ರ ಮನೆಯಲ್ಲಿ ಜಾರ್ಜ್ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳಬೇಕಾಯಿತು. ಬೇಸಿಗೆ ಏರುವ ಹೊತ್ತಿಗೆ ಸಿಗ್ನೆ ಪೆಟ್ಟಿಗೆಯಿಂದ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯುತ್ತಿದ್ದಳು.

ಅದೇ ವಾರ ಹೋಕನ್ ಒಬ್ಬರೇ ಬಂದರು. ಕುಳಿತವರು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

"ಒಂದು ಉಪಕಾರ ಮಾಡಬೇಕು. ಈ ಮೊಣಕಾಲು ಇನ್ನು ಹಾರುವುದಕ್ಕೆ ಆಗುವುದಿಲ್ಲ ಅಂತ ಅವಳಿಗೆ ಹೇಳಿ. ನಿಮ್ಮ ಮಾತು ಕೇಳುತ್ತಾಳೆ."

ಕ್ಲೊಟಿಲ್ಡಾ ದಂಗಾದರು. "ಆದರೆ ಆಗ್ತದಲ್ಲ ಸರ್. ಕಾಲು ರೆಡಿ ಉಂಟು."

"ಅವಳು ಬಿದ್ದಾಗ ನಾನು ಕೆಳಗೇ ನಿಂತಿದ್ದೆ," ಎಂದರು ಹೋಕನ್. "ಇನ್ನೊಮ್ಮೆ ನೋಡಲಾರೆ."

ಕ್ಲೊಟಿಲ್ಡಾ ಹೋಕನ್ ಅವರ ಕೈ ಮೇಲೆ ಕೈಯಿಟ್ಟರು. "ನನಗೂ ಮಕ್ಕಳಿದ್ದಾರೆ. ನಿಮ್ಮ ಹೆದರಿಕೆ ಸುಳ್ಳಲ್ಲ. ಅದನ್ನು ನೀವೇ ಅವಳಿಗೆ ಹೇಳಿ, ತಂದೆಯಾಗಿ. ಅವಳ ಮೊಣಕಾಲಿನ ಮೇಲೆ ಸುಳ್ಳು ಹೊರಿಸಲಿಕ್ಕೆ ನನ್ನಿಂದ ಆಗುದಿಲ್ಲ."

ಹೋಕನ್ ಕೈ ಎಳೆದುಕೊಂಡು ಎದ್ದು ಹೋದರು. ಮತ್ತೆ ಕ್ಲಿನಿಕ್ಕಿನ ಕಡೆ ತಲೆಹಾಕಲಿಲ್ಲ. ಮತ್ತೆ ಹಾರಲೆಂದು ಸಿಗ್ನೆ ನಾರ್ವೆಗೆ ಹೊರಡುವ ದಿನ ಕ್ಲೊಟಿಲ್ಡಾರನ್ನು ಬಿಗಿಯಾಗಿ ಅಪ್ಪಿಕೊಂಡಳು. ತಂದೆ ಕೆಳಗೆ ಕಾರಿನಲ್ಲೇ ಉಳಿದರು. ಆ ರಾತ್ರಿ ಕ್ಲೊಟಿಲ್ಡಾಗೆ ಊಟ ಸೇರಲಿಲ್ಲ. ಕಾಲು ರೆಡಿ ಉಂಟು ಎಂಬ ತನ್ನ ಮಾತು ನಂಬಿ ಹೊರಟ ಹುಡುಗಿಗೆ ನಾಳೆ ಏನಾದರೂ ಆದರೆ? ತಿಂಗಳುಗಟ್ಟಲೆ ರೋಸರಿಯ ಕೊನೆಗೆ ಆ ಮೊಣಕಾಲಿಗೊಂದು ಪ್ರಾರ್ಥನೆ ಸೇರಿಕೊಂಡಿತು.

ಮರುವರ್ಷ ಸಿಗ್ನೆ ವಿಶ್ವ ಚಾಂಪಿಯನ್‌ಶಿಪ್ಪಿನ ತಂಡಕ್ಕೆ ಆಯ್ಕೆಯಾದಳು. ಸ್ಪರ್ಧೆಯ ದಿನ ಬೆಳಿಗ್ಗೆ ಕ್ಲೊಟಿಲ್ಡಾಗೆ ಹೋಕನ್ ಅವರಿಂದ ಫೋನು ಬಂತು.

"ಅಲ್ಲಿಗೆ ಹೋಗಲು ಟಿಕೆಟ್ ತೆಗೆದಿದ್ದೆ. ನಿನ್ನೆ ಏರ್‌ಪೋರ್ಟಿನಿಂದ ವಾಪಸು ಬಂದೆ. ಒಬ್ಬನೇ ಟಿ.ವಿ. ನೋಡಲೂ ಧೈರ್ಯವಿಲ್ಲ. ನೀವು ಬರುತ್ತೀರಾ?"

ಕ್ಲೊಟಿಲ್ಡಾ ಜಾರ್ಜರನ್ನು ಎಬ್ಬಿಸಿ, ಗೋಳಿಬಜೆ ಕರಿದು ಡಬ್ಬಿಗೆ ತುಂಬಿಕೊಂಡು ಹೊರಟರು. ಜುಫೈರಿನ ಕಟ್ಟಡವೊಂದರ ಇಪ್ಪತ್ತನೆಯ ಮಹಡಿಯ ಮನೆಯಲ್ಲಿ ಹೋಕನ್ ಕ್ಷೌರವನ್ನೂ ಮಾಡಿಕೊಳ್ಳದೆ ಕುಳಿತಿದ್ದರು.

ಸಿಗ್ನೆಯ ಸರದಿ ಬಂತು. ಕಟ್ಟೆಯ ನೆತ್ತಿಯ ಅಡ್ಡಪಟ್ಟಿಯ ಮೇಲೆ ಕುಳಿತಳು. ಗಾಳಿ ಜೋರಾಗಿ ಕೆಂಪು ದೀಪ ಹತ್ತಿತು. ಅವಳನ್ನು ಹಿಂದಕ್ಕೆ ಕರೆದರು. ಹೋಕನ್ ಎದ್ದು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಅವಳು ಮತ್ತೆ ಕುಳಿತಳು. ಹಸಿರು ದೀಪ ಬಂತು. ಜಾರಿದಳು, ಚಿಮ್ಮಿದಳು. ಜಾರ್ಜ್ ಉಸಿರು ಹಿಡಿದು ಆಕಾಶದಲ್ಲಿ ಅವಳನ್ನು ನೋಡುತ್ತಿದ್ದರೆ, ಕ್ಲೊಟಿಲ್ಡಾರ ಕಣ್ಣು ಎಡ ಮೊಣಕಾಲು ಬಿಟ್ಟು ಕದಲಲಿಲ್ಲ. ಒಂದು ಕಾಲು ಮುಂದೆ, ಒಂದು ಹಿಂದೆ, ಎರಡೂ ಮೊಣಕಾಲು ಮೆತ್ತಗೆ ಬಾಗಿ, ಹುಡುಗಿ ಇಳಿದಳು.

ಕ್ಲೊಟಿಲ್ಡಾ ಬಾಲ್ಕನಿಯ ಗಾಜಿಗೆ ಅಂಗೈಯಿಂದ ಬಡಿದರು. "ಬನ್ನಿ ಸರ್! ನಿಂತಿದ್ದಾಳೆ! ಬನ್ನಿ!"

ಹಾರಿದ್ದು ಅಷ್ಟೇನೂ ದೂರವಲ್ಲ. ಓಟಕ್ಕೆ ಅವಳು ಇಪ್ಪತ್ತೊಂದನೆಯವಳಾಗಿ ಹೊರಡಬೇಕಾಯಿತು. ಎಲ್ಲರಿಗಿಂತ ಮೊದಲು ಹೊರಟವಳು ಆಗಲೇ ಮರಗಳಾಚೆ ಮರೆಯಾಗಿದ್ದಳು. ಆದರೆ ಏರು ಬಂದಲ್ಲೆಲ್ಲ ಸಿಗ್ನೆ ಒಬ್ಬೊಬ್ಬರನ್ನೇ ಹಿಂದೆ ಹಾಕತೊಡಗಿದಳು. ಹೋಕನ್ ಮೊದಲು ಸೋಫಾದ ಹಿಂದೆ ನಿಂತಿದ್ದರು, ಆಮೇಲೆ ಮುಂದೆ, ಕೊನೆಗೆ ಟಿ.ವಿ.ಯ ಎದುರು ಮೊಣಕಾಲೂರಿ ತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ಜಾರ್ಜ್ ಕೊಂಕಣಿಯಲ್ಲಿ ಕೂಗುತ್ತಿದ್ದರು. ಬೇರೆ ಯಾವಳೋ ಗೆದ್ದಳು, ಅದನ್ನು ಇವರ್ಯಾರೂ ಗಮನಿಸಲಿಲ್ಲ. ಸಿಗ್ನೆ ಒಂಬತ್ತನೆಯವಳಾಗಿ ಗೆರೆ ದಾಟಿ ಹಿಮದ ಮೇಲೆ ಅಂಗಾತ ಬಿದ್ದಳು, ನಗುತ್ತಿದ್ದಳು.

ಹೋಕನ್ ಕೆನ್ನೆ ಒರೆಸಿಕೊಂಡು, "ಅವತ್ತು ನಾನು ಕೇಳಿದ್ದಕ್ಕೆ ನೀವು ಒಪ್ಪಿದ್ದರೆ…" ಎಂದರು.

"ಬಿಡಿ ಸರ್," ಎಂದರು ಕ್ಲೊಟಿಲ್ಡಾ. "ನಮ್ಮ ಮಗ ಆನ್ಸನ್ ಬೈಕ್ ತೆಗೆದುಕೊಂಡಾಗ ನಾನು ಅವನ ಹತ್ತಿರ ವಾರವಿಡೀ ಮಾತು ಬಿಟ್ಟಿದ್ದೆ. ಮೊದಲು ಏನಾದರೂ ತಿನ್ನಿ."

ಹೋಕನ್ ಆ ರಾತ್ರಿಯ ವಿಮಾನಕ್ಕೇ ಹೊಸ ಟಿಕೆಟ್ ತೆಗೆದು ಮಗಳ ಬಳಿಗೆ ಹೊರಟರು. ಏರ್‌ಪೋರ್ಟಿಗೆ ಬಿಟ್ಟು ಬಂದದ್ದು ಜಾರ್ಜ್, ಜೊತೆಗೆ ಕ್ಲೊಟಿಲ್ಡಾ.

ವಾಪಸು ಬರುವಾಗ ಕಾರಿನಲ್ಲಿ ಕ್ಲೊಟಿಲ್ಡಾ ಇನ್ನೂ ಕಣ್ಣು, ಮೂಗು ಒರೆಸಿಕೊಳ್ಳುತ್ತಿದ್ದರು.

"ಒಂಬತ್ತನೆಯದಕ್ಕೆ ಪದಕ ಉಂಟಾ?" ಎಂದು ಜಾರ್ಜ್ ಕೇಳಿದರು.

"ಇಲ್ಲ."

"ಮತ್ತೆ ಎಂತಕ್ಕೆ ಅಳುದು ನೀನು?"

"ಇಳಿದದ್ದು ನೋಡಲಿಲ್ಲವಾ ನೀವು? ಎಷ್ಟು ಚೆಂದ ಇಳಿದಳು," ಎಂದರು ಕ್ಲೊಟಿಲ್ಡಾ. ಆಮೇಲೆ, "ಬೇಕರಿ ಹತ್ತಿರ ಸ್ವಲ್ಪ ನಿಲ್ಲಿಸಿ. ಮನೆಯಲ್ಲಿ ಖುಬ್ಸ್ ರೊಟ್ಟಿ ಇಲ್ಲ."