ಪ್ರಭು ಭೋಜನದ ನೀಲಿ ಬಟ್ಟೆ

ತಿಂಗಳ ಮೊದಲ ಭಾನುವಾರ. ಚರ್ಚಿನಲ್ಲಿ ಆರಾಧನೆ ಮುಗಿಸಿ ಜೋಗುಪಾಳ್ಯದ ಮನೆಗೆ ನಡೆದು ಬಂದೆ. ಕಂಕುಳಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆ. ಅದನ್ನು ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿ ಮುಂದಿನ ತಿಂಗಳಿಗೆ ಒಪ್ಪಿಸುವುದು ಇಪ್ಪತ್ತಾರು ವರ್ಷಗಳಿಂದ ನನ್ನ ಕೆಲಸ.

ಬಾಗಿಲಲ್ಲೇ ನನ್ನ ಯಜಮಾನರು ಜಯರಾಜ್ ಕೇಳಿದರು: "ಇನ್ನೊಂದು ಚಪ್ಪಲಿ ಎಲ್ಲೇ?"

ಎಡಗಾಲು ಬರಿಗಾಲು. ಎಲ್ಲಿ ಜಾರಿತೋ, ನನಗೆ ಗೊತ್ತೇ ಆಗಿರಲಿಲ್ಲ.

"ಓಡಾಟ ಕಮ್ಮಿ ಮಾಡು ಸುಗುಣಾ. ನಿನ್ನ ಕೆಲಸ ನೋಡಿ ದೇವರು ರಕ್ಷಣೆ ಕೊಡಲ್ಲ," ಅಂದರು.

ಇದು ನಮ್ಮ ಹಳೆಯ ಜಗಳ. ರಕ್ಷಣೆ, ಅಂದರೆ ಮೋಕ್ಷ, ನಂಬಿಕೆಯಿಂದ ಮಾತ್ರ ಎಂದು ಅವರ ವಾದ; ಅದನ್ನು ಅವರು ಕುರ್ಚಿಯಲ್ಲಿ ಕೂತೇ ನಂಬುತ್ತಿದ್ದರು. ನಾನು ಕಾಯಿಲೆಯವರ ಮನೆಗೆ ರಸಂ, ಸಾವಿನ ಮನೆಗೆ ಕಾಫಿ ಹೊತ್ತು ಓಡುತ್ತಿದ್ದೆ. "ನಿಮ್ಮ ನಂಬಿಕೆ ಒಂದು ಲೋಟ ಕಾಫಿ ಕಾಯಿಸಿದ್ದು ನಾನು ನೋಡಿಲ್ಲ ರೀ," ಎಂದು ಚುಚ್ಚುತ್ತಿದ್ದೆ.

ಬುಧವಾರ ಮೆಟ್ಟಿಲು ಹತ್ತಲಾಗಲಿಲ್ಲ.

ಗುರುವಾರ ಲೋಟ ಎತ್ತಲಾಗಲಿಲ್ಲ.

ಆಸ್ಪತ್ರೆಯಲ್ಲಿ ನರಗಳ ಟೆಸ್ಟ್ ಮಾಡಿದ ಡಾಕ್ಟರ್ ಹೇಳಿದರು: "ಗಿಲಾನ್ ಬಾರೆ ಸಿಂಡ್ರೋಮ್ ಅಮ್ಮ. ನಿಮ್ಮ ಇಮ್ಯುನಿಟಿನೇ ನಿಮ್ಮ ನರಗಳ ಮೇಲೆ ತಿರುಗಿಬಿದ್ದಿದೆ. ತುಂಬಾ ಜನ ಚೇತರಿಸ್ಕೋತಾರೆ, ಆದ್ರೆ ಟೈಮ್ ಬೇಕು."

"ನಾನೇನ್ ಮಾಡ್ಬೇಕು ಡಾಕ್ಟ್ರೇ?"

"ನೀವೇನೂ ಮಾಡೋ ಹಾಗಿಲ್ಲ. ಸುಮ್ನೆ ಮಲ್ಕೊಂಡಿರಿ."

ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಐಸಿಯುನಲ್ಲಿ ಐದು ದಿನ ಐವಿಐಜಿ ಎಂಬ ಔಷಧಿ ನರದೊಳಗೆ ಹನಿ ಹನಿಯಾಗಿ ಇಳಿಯಿತು. ಕೈಕಾಲು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಸಾವಿಗಿಂತ ಇನ್ನೊಂದಕ್ಕೆ ಹೆಚ್ಚು ಹೆದರಿದ್ದೆ: ಈಗ ಹೋದರೆ ದೇವರ ಮುಂದೆ ಏನು ತೋರಿಸಲಿ? ರಸಂ, ಕಾಫಿ, ಒಗೆದ ಬಟ್ಟೆ. ಎಷ್ಟು ನೆನೆಸಿಕೊಂಡರೂ ಸಾಲದು ಅನಿಸಿ ಅಳು ಬರುತ್ತಿತ್ತು. ಒರೆಸಿಕೊಳ್ಳಲು ಕೈ ಇರಲಿಲ್ಲ.

ಕಾಯಿಲೆ ಉಸಿರಾಟಕ್ಕೂ ಏರಿದರೆ ವೆಂಟಿಲೇಟರ್ ಎಂದಿದ್ದರು. ಹಾಗಾಗಿ ಒಂದು ಬೆಳಿಗ್ಗೆ ಎದೆಯ ಮೇಲಿನ ಹೊದಿಕೆಯನ್ನೇ ನೋಡುತ್ತಾ ಮಲಗಿದ್ದೆ. ಅದು ಏರಿತು, ಇಳಿಯಿತು. ಮತ್ತೆ ಏರಿತು.

ಅದನ್ನು ನಾನು ಮಾಡುತ್ತಿರಲಿಲ್ಲ.

ಐವತ್ತೊಂಬತ್ತು ವರ್ಷಗಳಲ್ಲಿ ಒಂದು ಉಸಿರನ್ನೂ ನಾನು ದುಡಿದು ಪಡೆದಿರಲಿಲ್ಲ. ಕೇಳದೆಯೇ ಬರುತ್ತಿತ್ತು, ನಾನು ಯಾರ ಮನೆಗೂ ಏನೂ ಒಯ್ಯದ ಆ ದಿನವೂ ಬರುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಆ ಮೈಯಲ್ಲಿ ಜುಮ್ಮೆನ್ನಲು ಏನು ಉಳಿದಿತ್ತೋ ಗೊತ್ತಿಲ್ಲ, ಆದರೂ ಜುಮ್ಮೆಂದಿತು.

ಮೂರು ವಾರಗಳ ನಂತರ ಸ್ಟ್ರೆಚರಿನಲ್ಲೇ ಮನೆಗೆ ಬಂದೆ. ಜಯರಾಜ್ ನನ್ನನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಮೈ ಒರೆಸುವುದು, ತಲೆ ಬಾಚುವುದು ಎಲ್ಲ ಕಲಿತರು. ಬೈತಲೆ ಮಾತ್ರ ಒಂದು ದಿನವೂ ನೇರ ಬರಲಿಲ್ಲ. ಚರ್ಚಿನ ಬಟ್ಟೆಯನ್ನೂ ತಾವೇ ಒಗೆದರು. ನಾನು ನಾಲ್ಕು ಹನಿ ನೀಲಿ ಹಾಕುತ್ತಿದ್ದೆ. ಅವರು ಅರ್ಧ ಬಾಟಲಿ ಸುರಿದು, ನನಗೆ ತೋರಿಸದೆ ಕೊಟ್ಟು ಬಂದರು.

ಹೊಸ ತಿಂಗಳ ಮೊದಲ ಭಾನುವಾರ ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ಆರಾಧನೆ ಮುಗಿಸಿ ಜಯರಾಜ್ ಜೊತೆ ನಮ್ಮ ಮನೆಗೇ ಪ್ರಭು ಭೋಜನದ ರೊಟ್ಟಿ ತಂದರು. "ಮೇಜು ಆಕಾಶದ ಹಾಗಿತ್ತಮ್ಮ," ಎಂದು ನಕ್ಕರು. ನನಗೆ ನಾಚಿಕೆಯಾಯಿತು. "ಅದನ್ನೇ ಹಾಸಿದ್ರಾ?"

"ಹಾಸ್ದೆ. ಯಾಕೆ ಹಾಸ್ಬಾರ್ದು?"

ನಮ್ಮಲ್ಲಿ ಎಡ ಅಂಗೈಯ ಮೇಲೆ ಬಲ ಅಂಗೈ ಇಟ್ಟು, ಚಾಚಿ ರೊಟ್ಟಿ ಪಡೆಯಬೇಕು. ಇದನ್ನು ಎಷ್ಟೋ ಮಕ್ಕಳಿಗೆ ಗದರಿಸಿ ಕಲಿಸಿದವಳೇ ನಾನು. "ಕೈ ಎತ್ತೋಕಾಗಲ್ಲ ಅಯ್ಯನವರೇ. ವಾಸಿಯಾದ್ಮೇಲೆ ತಗೋತೀನಿ," ಅಂದೆ.

ಜಯರಾಜ್ ಮಂಚದ ಪಕ್ಕ ಮಂಡಿಯೂರಿ, ನನ್ನ ಒಂದು ಕೈಯ ಮೇಲೆ ಇನ್ನೊಂದನ್ನು ಇಟ್ಟು, ಕೆಳಗೆ ತಮ್ಮ ಎರಡೂ ಕೈ ಒಡ್ಡಿ ಎತ್ತಿದರು. ಅವರ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಅಯ್ಯನವರು ರೊಟ್ಟಿ ಇಟ್ಟರು.

ಈಗ ವಾಕರ್ ಹಿಡಿದು ಬಾಗಿಲವರೆಗೆ ಹೋಗುತ್ತೇನೆ. ಬೆರಳುಗಳು ಪೂರ್ತಿ ನನ್ನವಾಗಿಲ್ಲ. ಆಗಬಹುದು, ಆಗದೆಯೂ ಇರಬಹುದು. ಮೊನ್ನೆ ಅವರು ಕಾಫಿ ತಂದಾಗ ಹಳೆಯ ಜಗಳ ತೆಗೆದೆ: "ಈಗ ಹೇಳಿ. ನಂಬಿಕೆನಾ, ಕ್ರಿಯೆನಾ?"

"ಬಾಯಿ ತೆರಿ. ಆರಿಹೋಗುತ್ತೆ."

ಬಾಯಿ ತೆರೆದೆ.