ಬೆವರದ ಕುದುರೆ

ಆ ಭಾನುವಾರ ರೇಸ್ ಮೈದಾನದ ಪ್ಯಾಡಕ್ಕಿನ ಕಟಾಂಜನದ ಬಳಿ ಮಾವ ಆ ಮಾತು ಹೇಳಿದರೋ ಇಲ್ಲವೋ, ನನಗೆ ಖಚಿತವಿರಲಿಲ್ಲ. ಮಾತು ಕಿವಿಯಲ್ಲಿತ್ತು, ಅದರ ಹಿಂದಿನ ನಗುವೂ ಇತ್ತು. ಆದರೆ ಹೆದರಿದ ಮನಸ್ಸು ನಡೆದದ್ದರ ಜೊತೆಗೆ ನಡೆಯದ್ದನ್ನೂ ಹೊಲಿದುಬಿಡುತ್ತದೆ. ನಾನು ಸಂಖ್ಯಾಶಾಸ್ತ್ರ ಓದಿದವನು. ಅಂಧೇರಿಯ ಆಫೀಸಿನಲ್ಲಿ ಬೇರೆಯವರ ಅಂಕಿಗಳನ್ನು ಅನುಮಾನಿಸುವುದೇ ನನ್ನ ಕೆಲಸ. ನನ್ನ ನೆನಪಿಗೆ ಮಾತ್ರ ರಿಯಾಯಿತಿ ಕೊಡುವುದು ಹೇಗೆ?

ಮಾವ ಎಂದರೆ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಬಂದು ವಡಾಲದಲ್ಲಿ ಹೋಟೆಲು ನಡೆಸಿ, ಈಗ ಅದನ್ನು ಮಗಳಿಗೆ ಒಪ್ಪಿಸಿ ಗಲ್ಲಾದಿಂದ ಎದ್ದವರು. ಸೀಸನ್ನಿನ ಭಾನುವಾರಗಳಲ್ಲಿ ನಾವಿಬ್ಬರೂ ಟ್ಯಾಕ್ಸಿ ಹಿಡಿದು ಮಹಾಲಕ್ಷ್ಮಿಯ ಕುದುರೆ ರೇಸಿಗೆ ಹೋಗುತ್ತಿದ್ದೆವು. ಅಲ್ಲಿ ನಮ್ಮ ಜೊತೆ ನಿಲ್ಲುತ್ತಿದ್ದವರು ವಿಜಯಪುರ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ. ಕನ್ನಡ ಕೇಳಿ ಹತ್ತಿರ ಬಂದವರು, ಹಾಗೆಯೇ ಉಳಿದರು.

ಹೊರದೇಶದಿಂದ ಬಂದ ಕುದುರೆ ಇಲ್ಲಿ ಓಡುವುದು ಅಪರೂಪ. ಆ ಬೇಸಗೆ ಐರ್ಲೆಂಡಿನ ಒಂದು ಕಂದು ಕುದುರೆ ಇಲ್ಲಿ ಮೊದಲ ಸಲ ಓಡುವುದಿತ್ತು. ಇಂಥ ಕುದುರೆಯನ್ನು ಅಳೆಯುವುದು ಕಷ್ಟ. ಅದು ಅಲ್ಲಿ ಓಡಿದ ವೇಗಕ್ಕೆ ಇಲ್ಲಿ ಅರ್ಥವಿಲ್ಲ. ಅಲ್ಲಿನ ನೆಲ ತೇವ, ಇಲ್ಲಿನದು ಗಟ್ಟಿ. ಅದು ಸೋಲಿಸಿದ ಕುದುರೆಗಳ ಬಗ್ಗೆಯೂ ನಮಗೇನೂ ಗೊತ್ತಿರುವುದಿಲ್ಲ. ನಾನು ವಾರವೆಲ್ಲ ಮೊಬೈಲಿನಲ್ಲಿ ಅದರ ಹಳೆಯ ಓಟಗಳನ್ನು ನೋಡಿದ್ದೆ. ಅದು ಎಷ್ಟು ದೂರದಲ್ಲಿ ದಣಿಯುತ್ತದೆ, ಗುಂಪಿನ ನಡುವೆ ಸಿಕ್ಕರೆ ಏನು ಮಾಡುತ್ತದೆ ಎಂದು ಗುರುತಿಸಿದ್ದೆ. ಮಾವ ಅದೆಲ್ಲವನ್ನೂ ಕೇಳಿಸಿಕೊಂಡು, "ಎಂತ ಸಿನೆಮಾ ನೋಡಿದ್ರೂ ಕಡೆಗೆ ಮೈ ನೋಡ್ಬೇಕು ಮಾರಾಯ" ಎನ್ನುತ್ತಿದ್ದರು.

ಮೈ ನೋಡುವುದೆಂದರೆ, ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಿಸುವ ಪ್ಯಾಡಕ್ಕಿಗೆ ಹೋಗಿ ನೋಡುವುದು. ಕತ್ತು ಒದ್ದೆಯಾಗಿ, ತೊಡೆಗಳ ನಡುವೆ ನೊರೆ ಕಟ್ಟಿದ್ದರೆ ಆ ಕುದುರೆ ಹೆದರಿದೆ, ಓಡುವ ಮೊದಲೇ ಅರ್ಧ ಓಡಿ ಮುಗಿಸಿದೆ ಎಂದು ಅಲ್ಲಿನವರ ಲೆಕ್ಕ. ಒಣಗಿದ ಮೈ ಇದ್ದರೆ ಶಾಂತ ಕುದುರೆ. ಅಂದು ನೆತ್ತಿ ಸುಡುವ ಬಿಸಿಲು, ಸಮುದ್ರದ ಗಾಳಿ ಸತ್ತಿತ್ತು. ಉಳಿದ ಕುದುರೆಗಳೆಲ್ಲ ಬೆವರಿ ತೊಪ್ಪೆಯಾಗಿದ್ದವು. ಐರಿಶ್ ಕುದುರೆಯ ಮೇಲೆ ಒಂದು ಹನಿ ಇರಲಿಲ್ಲ. ಅದರ ಮೂಗಿನ ಹೊಳ್ಳೆಗಳು ಬೇಗಬೇಗ ಅರಳಿ ಮುಚ್ಚುತ್ತಿದ್ದವು. ಅದನ್ನೂ ಹುಮ್ಮಸ್ಸೆಂದೇ ತಿಳಿದೆವು.

ಆಗಲೇ ಮಾವ ಕಟಾಂಜನಕ್ಕೆ ಒರಗಿ, ತಮ್ಮ ಒಣ ತೋಳನ್ನು ತೋರಿಸಿ ಹೀಗೆ ಹೇಳಿದಂತೆ ನನಗೆ ನೆನಪು: "ನಾನು ಸಹ ಬೆವರ್ಲಿಲ್ಲ ನೋಡು. ನನ್ನ ಮೇಲೂ ಒಂದು ಹಾಕು."

ಹಾಗೆ ಹೇಳಿದ್ದರೆ ನಾವು ನಕ್ಕಿರಬೇಕು. ಆಮೇಲೆ ನಾನು ಬಾಜಿ ಕಟ್ಟುವ ಕಿಟಕಿಗೆ ಹೋಗಿ ಆ ಕುದುರೆಯ ಮೇಲೆ ದುಡ್ಡು ಹಾಕಿ ಬಂದೆ.

ಅದು ಎಲ್ಲಕ್ಕಿಂತ ಹಿಂದೆ ಬಂತು. ಜಾಕಿ ಇಳಿದೊಡನೆ ಹಿಂಗಾಲುಗಳು ಕುಡಿದವನ ಕಾಲಿನಂತೆ ಅಡ್ಡಾದಿಡ್ಡಿ ಹೋದವು. ಲಾಯದವರು ಓಡಿಬಂದು ಬಕೆಟುಗಳಿಂದ ಕತ್ತಿಗೆ, ಹೊಟ್ಟೆಗೆ, ಕಾಲುಗಳ ಸಂದಿಗೆ ನೀರು ಸುರಿದರು. ಮೈಗೆ ಬಿದ್ದ ನೀರು ಬಿಸಿಯಾಗುತ್ತಿತ್ತೇನೋ, ಅದನ್ನು ಪಟ್ಟಿಯಿಂದ ಬಾಚಿ ಚೆಲ್ಲಿ ಮತ್ತೆ ಸುರಿಯುತ್ತಿದ್ದರು. ಅಷ್ಟು ದೊಡ್ಡ ಪ್ರಾಣಿ ನಮ್ಮ ಕಡೆ ಕುಸಿದರೆ ಎಂದು ಜನ ಹಿಂದೆ ಸರಿದರು. ನಾನೂ ಸರಿದೆ. ವ್ಯಾಪಾರಿ ಮೆಲ್ಲಗೆ ಹೇಳಿದರು: "ಓಡಿ ಬಂದ ಮ್ಯಾಲೂ ಬೆವತಿಲ್ಲ ನೋಡ್ರಿ ಅದು. ಶಾಂತ ಅಲ್ರೀ, ಅದಕ್ಕ ಬ್ಯಾನಿ ಐತಿ."

ನಾವು ತಪ್ಪು ಓದಿದ್ದೆವು ಎಂದು ಹೇಳಲು ಮಾವನ ಕಡೆ ತಿರುಗಿದೆ. ಅವರು ಮೆಟ್ಟಿಲ ಮೇಲೆ ಕೂತಿದ್ದರು. ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ.

"ದಾದರ್ ಹೋಯ್ತಾ?" ಎಂದು ಲೋಕಲ್ ರೈಲಿನಲ್ಲಿ ಕೂತವರಂತೆ ಕೇಳಿದರು. "ನಾವು ಇಳಿಯುದು ಎಲ್ಲಿ?"

ಅಂಥ ಭಯ ನನಗೆ ಅದುವರೆಗೆ ಆಗಿರಲಿಲ್ಲ. ಅವರ ಕತ್ತು ಮುಟ್ಟಿದೆ. ದೋಸೆಯ ಕಾವಲಿಯ ಹಾಗೆ ಸುಡುತ್ತಿತ್ತು, ಕಾವಲಿಯಷ್ಟೇ ಒಣಗಿತ್ತು. ನಾನೇನೂ ಯೋಚಿಸಲಿಲ್ಲ. ಕಣ್ಣೆದುರು ಕುದುರೆಗೆ ಮಾಡುತ್ತಿದ್ದುದನ್ನೇ ಮಾಡಿದೆ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಸಿಕ್ಕವರ ಬಾಟಲಿಗಳ ನೀರನ್ನೆಲ್ಲ ಕತ್ತಿಗೂ ಕಂಕುಳಿಗೂ ಸುರಿದೆ. ವ್ಯಾಪಾರಿ ರೇಸ್ ಪುಸ್ತಕದಿಂದ ಗಾಳಿ ಹಾಕುತ್ತ, ಆಂಬುಲೆನ್ಸ್ ಕರೆಯಿರೆಂದು ಹಿಂದಿಯಲ್ಲಿ ಯಾರನ್ನೋ ಬೈಯುತ್ತಿದ್ದರು. ಮಾವ ತುಳುವಿನಲ್ಲಿ ತಮ್ಮ ಅಮ್ಮನ ಜೊತೆ ಏನೋ ಜಗಳವಾಡುತ್ತಿದ್ದರು. ಅಜ್ಜಿ ತೀರಿಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ಎಷ್ಟು ಹೊತ್ತಿನಿಂದ ಹೀಗಿದ್ದಾರೆ ಎಂದು. ಮೈ ಎಷ್ಟು ಹೊತ್ತು ಕಾದಿದೆ ಎಂಬುದರ ಮೇಲೆ ಮಿದುಳು, ಮೂತ್ರಪಿಂಡಗಳ ಗತಿ ನಿಂತಿದೆ ಎಂದರು. ಮೆಟ್ಟಿಲ ಮೇಲೆ ಕಂಡದ್ದೇ ಆರಂಭ ಎಂದಾದರೆ ಸ್ವಲ್ಪವೇ ಹೊತ್ತು. ಪ್ಯಾಡಕ್ಕಿನ ಮಾತು ನಿಜವಾದರೆ ಅದಕ್ಕಿಂತ ಬಹಳ ಹೆಚ್ಚು. ನನಗೆ ಗೊತ್ತಿರಲಿಲ್ಲ. ಓಟಕ್ಕೂ ಮುಂಚಿನಿಂದ ಇರಬಹುದು, ಖಚಿತವಿಲ್ಲ ಎಂದೆ. ಹಾಗಾದರೆ ಕೆಟ್ಟದ್ದನ್ನೇ, ಹೆಚ್ಚು ಹೊತ್ತೆಂದೇ, ಹಿಡಿಯುತ್ತೇನೆ ಎಂದು ಆಕೆ ಒಳಗೆ ಹೋದರು.

ಮಾವ ಬದುಕಿದರು. ಮೂತ್ರದ ತೊಂದರೆಗೆ ಹೊಸದಾಗಿ ಶುರು ಮಾಡಿದ್ದ ಮಾತ್ರೆ ಅವರ ಬೆವರನ್ನು ತಡೆದಿರಬೇಕು ಎಂದು ಹೇಳಿ ಡಾಕ್ಟರಮ್ಮ ಅದನ್ನು ನಿಲ್ಲಿಸಿದರು. ಕುದುರೆಯೂ ಬದುಕಿತಂತೆ. ತಂಪು ದೇಶದಿಂದ ಬಂದ ಕೆಲವು ಕುದುರೆಗಳು ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರುವುದನ್ನೇ ಮರೆಯುತ್ತವೆ ಎಂದು ಆಮೇಲೆ ಓದಿದೆ.

ಭಯ ಮಾತ್ರ ಮನೆಗೆ ಬಂದು ಉಳಿಯಿತು. ಮಾವನಿಗೆ ಆ ದಿನ ಟ್ಯಾಕ್ಸಿ ಹತ್ತಿದ್ದರ ಆಚೆಗೆ ಏನೂ ನೆನಪಿಲ್ಲ. ಈಗ ಮತ್ತೆ ಸೀಸನ್ನು. "ಹೋಗುವ" ಎನ್ನುತ್ತಾರೆ. ಬೇಡವೆಂದರೆ ಒಬ್ಬರೇ ಹೊರಡುವ ಜಾತಿ. ಆ ಮಾತು ನನ್ನ ಕಲ್ಪನೆಯಾಗಿದ್ದರೆ, ಆಪತ್ತು ಸುಳಿವು ಕೊಡದೆ ಬಂದಿತ್ತು ಎಂದಾಗುತ್ತದೆ. ನಿಜವಾಗಿದ್ದರೆ ಅವರ ಮೈ ಅವರಿಗೆ ಹೇಳಿತ್ತು, ಅವರು ನಮಗೆ ಹೇಳಿದ್ದರು, ತಮಾಷೆಯಾಗಿ. ಹಾಗಾದರೆ ಮುಂದಿನ ಸಲವೂ ತಮಾಷೆಯಾಗಿಯೇ ಹೇಳುತ್ತಾರೆ. ಅವರ ಒಂದೊಂದು ಹಾಸ್ಯಕ್ಕೂ ನಾನು ಕತ್ತು ಮುಟ್ಟಿ ನೋಡಬೇಕಾಗುತ್ತದೆ. ಈಚೆಗೆ ನೋಡುತ್ತಲೂ ಇದ್ದೇನೆ. "ನನ್ನನ್ನೇನು ದನ ಖರೀದಿ ಮಾಡಿದ ಹಾಗೆ ಮುಟ್ಟುದು" ಎಂದು ರೇಗುತ್ತಾರೆ.

ಕೊನೆಗೆ ವ್ಯಾಪಾರಿಯ ಅಂಗಡಿಗೆ ಹೋದೆ. ಏನನ್ನೂ ಸೂಚಿಸದೆ ಒಂದೇ ಪ್ರಶ್ನೆ ಕೇಳಿದೆ: ಪ್ಯಾಡಕ್ಕಿನಲ್ಲಿ ಮಾವ ಏನಾದರೂ ಹೇಳಿದ್ದರೇ?

ಅವರು ಬಟ್ಟೆಯ ಥಾನು ಮಡಿಸುವುದನ್ನು ನಿಲ್ಲಿಸಿದರು.

"ನನಗೂ ಬೆವರಿಲ್ಲ, ನನ್ನ ಮ್ಯಾಲೂ ಒಂದು ಹಚ್ಚು ಅಂದ್ರಲ್ರೀ" ಎಂದರು. "ನೀವೂ ನಕ್ರಿ, ನಾನೂ ನಕ್ಕೆ."

ಮಾವ ಆ ಮಾತು ಹೇಳಿದ್ದು ನಿಜ.