ರಜಾಕ್ ಚಾಚಾ ತುಂಬುತ್ತಿದ್ದ ನೀರಿನ ಬಾಟಲಿ

ಇಲ್ಲ... ಇದು ಸುಳ್ಳಿರಬೇಕು.
ನಿನ್ನೆ ಸಂಜೆ ಗಂಗಾವತಿ ಮಾರ್ಕೆಟ್‌ನಲ್ಲಿ "ಆರಾಮ ಅದೀರೇನ್ರಿ ಮೇಡಂ?" ಅಂದವರು...
ಬೆಳಿಗ್ಗೆ ಹಾರ್ಟ್ ಅಟ್ಯಾಕ್ ಅಂತೆ.
ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್ ರಜಾಕ್ ಚಾಚಾ ಇನ್ನಿಲ್ಲ.

ಕಾಲೇಜಿನ ಈ ಗುಂಪಿಗೆ ಮೂರು ಸಲ ಬರೆದು ಅಳಿಸಿದೆ.
ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ...

ನಮ್ಮ ಪ್ರಾಜೆಕ್ಟ್ ನಿಮ್ಮಲ್ಲಿ ಕೆಲವರಿಗೆ ಗೊತ್ತು.
ತುಂಗಭದ್ರೆ, ಕಾಲುವೆ, ಭತ್ತದ ಗದ್ದೆಯಿಂದ ಹರಿದು ಬರುವ ಹಳ್ಳ... ಈ ನೀರಿನ ಪಿಎಚ್ ಮುಂತಾದವನ್ನು ಅಳೆದು, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಅಂದಾಜು ಮಾಡುವುದು.
ವಿರೂಪಾಪುರಗಡ್ಡೆಯ ದಡದಲ್ಲಿ ಮೊಣಕಾಲುದ್ದ ನೀರಿಗಿಳಿದು, ಬಾಟಲಿ ಪೂರ್ತಿ ಮುಳುಗಿಸಿ, ನೀರೊಳಗೇ ಮುಚ್ಚಳ ತಿರುವುತ್ತಿದ್ದವರು ಚಾಚಾ.
ಒಂದೇ ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬುತ್ತಿದ್ದರು.
"ಒಳಗ ಗಾಳಿ ಕುಂತ್ರ, ಗ್ಯಾಸ್ ನೀರು ಬಿಟ್ಟು ಹೊಂಟೋಗ್ತೈತ್ರಿ..."

ಚಾಚಾ...
ನಿಮ್ಮ ಮೇಲೆ ರೇಗಿದೆನಲ್ಲ, ಆವತ್ತು ಹಳ್ಳದ ಬಾಟಲಿಗಳನ್ನು ತುಂಬಿದವಳು ನಾನು.
ಕೊಡದಲ್ಲಿ ನೀರು ಹೊತ್ತು ಬೆಳೆದವಳು. ಚೆಲ್ಲದಿರಲಿ ಅಂತ ಕುತ್ತಿಗೆ ಖಾಲಿ ಬಿಡುವ ರೂಢಿ... ಬಾಟಲಿಯಲ್ಲೂ ಹಾಗೇ ಬಿಟ್ಟೆ.
ಅಂದಾಜು ತೀರಾ ಕಡಿಮೆ ಬಂತು.
ನೀವು ಪಿಎಚ್ ಮೀಟರ್ ಸರಿಯಾಗಿ ಸೆಟ್ ಮಾಡಿಲ್ಲ ಎಂದು ಸ್ಟಾಫ್, ಸ್ಟೂಡೆಂಟ್ಸ್ ಎಲ್ಲರೆದುರು ರೇಗಿದೆ.
"ಮೀಟರ್ ಛಲೋ ಐತ್ರಿ ಮೇಡಂ... ಬಾಟಲಿ ಕುತ್ತಿಗಿ ಒಮ್ಮೆ ನೋಡ್ರಿ" ಅಂದಿರಿ.
ನೋಡಲಿಲ್ಲ.
ಮರುವಾರದಿಂದ ನಿಮ್ಮನ್ನು ನದಿಗೆ ಕರೆಯಲೂ ಇಲ್ಲ.

ಹೋದ ತಿಂಗಳು ಅದೇ ಹಳ್ಳದ ನೀರನ್ನು ಎರಡೂ ಥರ ತುಂಬಿ ಅಳೆದು ನೋಡಿದೆ.
ಕುತ್ತಿಗೆ ಖಾಲಿ ಬಿಟ್ಟ ಬಾಟಲಿಯಲ್ಲೇ ಕಡಿಮೆ ಬಂತು. ನೀವು ಹೇಳಿದ್ದೇ ಖರೆ.
ನಿಮಗೆ ಹೇಳಬೇಕು ಅಂದುಕೊಂಡೆ... ನಾಚಿಕೆ ಬಿಡಲಿಲ್ಲ.
ನಿನ್ನೆ ಎದುರಿಗೇ ನಿಂತಿದ್ದಿರಿ. ಆಗಲೂ ಬಾಯಿ ಬರಲಿಲ್ಲ.
ಎಂಥ ಸುಡುಗಾಡು ಸೊಕ್ಕು ನನ್ನದು!

ಸುದ್ದಿ ತಿಳಿಸಲು ಫೋನ್ ಮಾಡಿದ ಅವರ ಮಗಳು ನಸ್ರೀನ್ ಅಳುತ್ತಲೇ ಕೇಳಿದಳು.
"ಖರೇ ಹೇಳ್ರಿ ಮೇಡಂ... ಆ ಮೀಟರ್ ಸೆಟ್ ಮಾಡೋದ್ರಾಗ ಅಬ್ಬಾ ತಪ್ಪು ಮಾಡಿದ್ರೇನ್ರಿ? ನಿನ್ನಿ ಊಟಕ್ಕ ಕುಂತಾಗೂ ಅದನ್ನ ಮಾತಾಡಿದ್ರು..."
ನಾನು ಫೋನ್ ಇಟ್ಟುಬಿಟ್ಟೆ.

ಇಲ್ಲವ್ವ ನಸ್ರೀನ್.
ನಿಮ್ಮ ಅಬ್ಬಾ ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದವಳು ನಾನು.
ಆವತ್ತು ನಾನು ರೇಗಿದ್ದನ್ನು ಕೇಳಿದವರೆಲ್ಲ ಈ ಗುಂಪಿನಲ್ಲೇ ಇದ್ದಾರೆ. ಅವರೂ ಓದಲಿ.
ಈಗ ನಿಮ್ಮ ಮನೆಗೇ ಹೊರಟಿದ್ದೇನೆ... ನಿನ್ನ ಮುಂದೆ ನಿಂತು ಇದನ್ನೇ ಹೇಳುತ್ತೇನೆ.
ಅವರಿಗೆ ಹೇಳಲಾಗಲಿಲ್ಲ.

ಮಾಫ್ ಮಾಡಿ ಚಾಚಾ...
ಆ ಒಳ್ಳೆಯ ಜೀವಕ್ಕೆ ಅಲ್ಲಾಹನ ಬಳಿ ನೆಮ್ಮದಿ ಸಿಗಲಿ.